ಲೈನ್ ಕ್ಲಿಯರ್

ಹೆಬ್ಬೆರಳಿನ ಉಗುರಿನ ಸಂದಿಯ ಕಪ್ಪು ಎಷ್ಟು ಉಜ್ಜಿದರೂ ಹೋಗಲಿಲ್ಲ. ಅರುಣಾ ಮೊದಲು ಸೀಗೆಪುಡಿ ಹಾಕಿದಳು, ಆಮೇಲೆ ಪಾತ್ರೆ ತೊಳೆಯುವ ಸೋಪು. ಅಪ್ಪನ ಕೈ ಮರದ ಹಿಡಿಯ ಹಾಗೆ ಬಿಗಿದುಕೊಂಡಿತ್ತು. ಹಂಡೆಯಿಂದ ಬಿಸಿನೀರು ತೋಡಿ ಕೊಡುತ್ತಿದ್ದ ಅಮ್ಮ ದೇವೀರಮ್ಮ ಸ್ವಲ್ಪ ಹೊತ್ತು ನೋಡಿದಳು.

"ಬಿಡು ಮಗ. ಅದು ಟ್ರಾನ್ಸ್‌ಫಾರ್ಮರ್ ಎಣ್ಣೆ. ಮದುವೆ ದಿನ ಅರಿಶಿನ ಹಚ್ಚಿದ್ರೂ ಹೋಗಿರ್ಲಿಲ್ಲ."

ಅರುಣಾ ಬಿಡಲಿಲ್ಲ. ತನ್ನ ತಲೆಯ ಪಿನ್ನು ತೆಗೆದು ಅದರ ತುದಿಯಿಂದ ಒಂದೊಂದೇ ಉಗುರನ್ನು ಕೆದಕತೊಡಗಿದಳು.

ಗುರುವಯ್ಯ ಸತ್ತದ್ದು ಹಿಂದಿನ ಸಂಜೆ, ಕೆಸವಿನಮಕ್ಕಿ ಸಬ್‌ಸ್ಟೇಷನ್ನಿನ ಯಾರ್ಡಿನಲ್ಲಿ. ಗಾಳಿಗೆ, ಹಳ್ಳಿಗಳಿಗೆ ಕರೆಂಟು ಒಯ್ಯುವ ಎರಡು ಫೀಡರು ಟ್ರಿಪ್ ಆಗಿ ನಿಂತುಹೋಗಿದ್ದವು. ಟ್ರಾನ್ಸ್‌ಫಾರ್ಮರಿನ ಎಣ್ಣೆ ಎಷ್ಟು ಬಿಸಿಯಾಗಿದೆ ಎಂದು ನೋಡಲು ಹೋದವನು ಅಲ್ಲೇ ಜಲ್ಲಿಯ ಮೇಲೆ ಮಗುಚಿಕೊಂಡಿದ್ದ. ಕಂಟ್ರೋಲ್ ರೂಮಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತಂತೆ. ಆರೂವರೆಗೆ ಬಂದ ಜೊತೆಯ ಆಪರೇಟರ್ ದೇವೇಂದ್ರ ಅವನನ್ನು ಕಂಡ. ಮೂಡಿಗೆರೆಯ ಆಸ್ಪತ್ರೆಗೆ ಒಯ್ದಾಗ ಡಾಕ್ಟರು ಎದೆ ಮುಟ್ಟಿ ನೋಡಿ ತಲೆಯಲ್ಲಾಡಿಸಿದರು. ಹೆಣ ಕೊಯ್ಯುವುದೆಲ್ಲ ಬೇಡ, ವಯಸ್ಸಾದ ಜೀವ, ಹಾಗೇ ಕೊಟ್ಟುಬಿಡಿ ಎಂದು, ಅವನನ್ನು ಗುತ್ತಿಗೆಯ ಮೇಲೆ ಕೆಲಸಕ್ಕಿಟ್ಟಿದ್ದ ಏಜೆನ್ಸಿಯ ಕಡೆಯವರು ಆಸ್ಪತ್ರೆಯಲ್ಲಿ ಮಾತಾಡಿದರು. ಆಗ ಅರುಣಾಗೆ ಅದು ಉಪಕಾರದ ಹಾಗೇ ಕಂಡಿತ್ತು.

ಜನತಾ ಕಾಲೊನಿಯ ಆ ಸಣ್ಣ ಅಂಗಳ ಹತ್ತು ಗಂಟೆಗೆಲ್ಲ ತುಂಬಿತು. ಬಂದವರಲ್ಲಿ ಬಹಳ ಮಂದಿ ಗುರುವಯ್ಯನ ಮುಖವನ್ನು ಮೊದಲ ಸಲ ನೋಡುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಅವನ ಸ್ವರ ಮಾತ್ರ. ಮೂವತ್ತನಾಲ್ಕು ವರ್ಷ ಸುತ್ತಿನ ಹದಿನೆಂಟು ಹಳ್ಳಿಯವರು, ಎಸ್ಟೇಟಿನವರು, ಹಿಟ್ಟಿನ ಗಿರಣಿಯವರು ಫೋನ್ ಮಾಡಿ ಕೇಳುತ್ತಿದ್ದದ್ದು ಒಂದೇ ಮಾತು: ಕರೆಂಟು ಯಾವಾಗ ಬಿಡ್ತೀರಿ? ಅವನು ಹೇಳುತ್ತಿದ್ದ ಉತ್ತರವೂ ಒಂದೇ: "ಲೈನಲ್ಲಿ ಹುಡುಗ್ರು ಇದಾರೆ ಸಾರ್, ಇಳಿದ ಮೇಲೆ ಬಿಡ್ತೀನಿ."

"ಇವ್ರೇನಾ?" ಎಂದು ಗೋಣಿಬೀಡಿನ ದಿನಸಿ ಅಂಗಡಿಯ ಚೌಡಯ್ಯ ಪಕ್ಕದವನನ್ನು ಕೇಳಿದ. "ಸ್ವರ ಕೇಳಿ ದಪ್ಪ ಆಳು ಅಂದ್ಕೊಂಡಿದ್ದೆ ಮಾರಾಯ. ಇಷ್ಟೇ ಇಷ್ಟು ಇದಾರೆ."

"ಭಾರಿ ಹಠದ ಮನುಷ್ಯ ಅಲ್ವ?"

"ಹಠ ಅಂದ್ರೆ! ಎಮ್ಮೆಲ್ಲೆ ಮನೆ ಮದುವೆ ಇದ್ರೂ ಸೈ, ಲೈನ್‌ಮ್ಯಾನ್ ಬಂದು ಪುಸ್ತಕದಲ್ಲಿ ಸಹಿ ಹಾಕೋ ತನಕ ಸ್ವಿಚ್ಚು ಮುಟ್ಟೋನಲ್ಲ. ಹುಡುಗ ಕಂಬದಿಂದ ಇಳಿದು ನನ್ನ ಅಂಗಡೀಲೇ ಟೀ ಕುಡೀತಾ ಇದಾನೆ ಅಂತ ಹೇಳಿದ್ರೂ ಕೇಳ್ತಿರ್ಲಿಲ್ಲ." ಚೌಡಯ್ಯ ಮುಖ ಒರೆಸಿಕೊಂಡ. "ನಿನ್ನೆ ಐದು ಗಂಟೆಯಿಂದ ನಾನು ಫೋನ್ ಮಾಡ್ತಾನೇ ಇದ್ದೆ. ಎತ್ತಲಿಲ್ಲ. ಬಾಯಿಗೆ ಬಂದ ಹಾಗೆ ಬೈದೆ. ಅಂಗಡೀಲಿ ಗಿರಾಕಿಗಳಿದ್ರು, ಅವ್ರೂ ಸೇರ್ಕೊಂಡು ಬೈದ್ರು."

ದೇವೇಂದ್ರ ಅಂಗಳದ ಮೂಲೆಯಲ್ಲಿ ಬಿದಿರು ಸೀಳಿ ಚಟ್ಟ ಕಟ್ಟುತ್ತಿದ್ದ. ಅವನಿಗೆ ಇಪ್ಪತ್ತೆಂಟು ವರ್ಷ. ಸ್ಟೇಷನ್ನಿನ ಎಲ್ಲ ಕೆಲಸವನ್ನೂ ಅವನಿಗೆ ಕಲಿಸಿದವನು ಗುರುವಯ್ಯ; ನಂಟಲ್ಲದಿದ್ದರೂ ಮಾವ ಎಂದೇ ಕರೆಯುತ್ತಿದ್ದ. ಗಂಡುಮಕ್ಕಳಿಲ್ಲದ ಮನೆ, ಹೆಂಡತಿ ಬಸುರಿಯಾದರೂ ಅಡ್ಡಿಯಿಲ್ಲ, ಬೆಂಕಿ ದೇವೇಂದ್ರನೇ ಇಡಲಿ ಎಂದು ದೇವೀರಮ್ಮ ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು. ಆ ಮಾತು ಕೇಳಿದಾಗಿನಿಂದ ಅವನು ತಲೆ ಎತ್ತಿರಲಿಲ್ಲ. ಅರುಣಾ ಕಾಫಿ ಕೊಟ್ಟಾಗಲೂ ಲೋಟ ತೆಗೆದುಕೊಳ್ಳದೆ ಹಗ್ಗ ಬಿಗಿಯುತ್ತಲೇ ಇದ್ದ.

ಹನ್ನೊಂದರ ಹೊತ್ತಿಗೆ ಓಂಕಾರಮೂರ್ತಿಯವರು ಕೊಡೆ ಹಿಡಿದುಕೊಂಡು ಬಂದರು. ಹಿಂದೆ ಈ ಭಾಗದ ಸೆಕ್ಷನ್ ಆಫೀಸರಾಗಿದ್ದವರು. ನಿವೃತ್ತಿಯಾದ ಮೇಲೆ ಸ್ಟೇಷನ್ನುಗಳಿಗೆ ಗುತ್ತಿಗೆಯ ಮೇಲೆ ಜನ ಒದಗಿಸುವ ಏಜೆನ್ಸಿಯಲ್ಲಿ ಮೇಲುಸ್ತುವಾರಿ ನೋಡುತ್ತಿದ್ದರು. ಹೆಣದ ಕಾಲಿಗೆ ಕೈ ಮುಗಿದರು, ಹಾರ ಹಾಕಿದರು. ಅವರ ಕಣ್ಣಲ್ಲಿ ನೀರಿತ್ತು, ಅದು ನಟನೆಯಾಗಿರಲಿಲ್ಲ. ಆಮೇಲೆ ಅರುಣಾಳನ್ನು ಅಡುಗೆಮನೆಯ ಬಾಗಿಲ ಬಳಿ ಕರೆದು ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ತೆಗೆದರು.

"ಇದಕ್ಕೊಂದು ಅಮ್ಮನ ಸಹಿ ಬೇಕಿತ್ತಮ್ಮ. ದಹನಕ್ಕೆ ಮುಂಚೆ ಆದ್ರೆ ಒಳ್ಳೇದು."

ಅರುಣಾ ಓದಿದಳು. ಮೂಡಿಗೆರೆಯ ಔಷಧಿ ಅಂಗಡಿಯಲ್ಲಿ ಹತ್ತು ವರ್ಷದಿಂದ ಡಾಕ್ಟರುಗಳ ಅಕ್ಷರ ಓದುತ್ತಿದ್ದವಳಿಗೆ ಟೈಪು ಮಾಡಿದ ಅರ್ಧ ಪುಟ ಕಷ್ಟವಲ್ಲ. ನನ್ನ ಗಂಡ ಗುರುವಯ್ಯನವರು ಮಧ್ಯಾಹ್ನ ಎರಡು ಗಂಟೆಗೆ ಕೆಲಸದಿಂದ ಬಿಡುಗಡೆಯಾಗಿದ್ದರು. ಮಳೆಯ ಕಾರಣ ಸ್ಟೇಷನ್ನಿನಲ್ಲಿ ಆಶ್ರಯ ಪಡೆದಿದ್ದಾಗ ಹೃದಯಾಘಾತವಾಗಿದೆ. ಮರಣದ ಸಮಯದಲ್ಲಿ ಅವರು ಕರ್ತವ್ಯದ ಮೇಲೆ ಇರಲಿಲ್ಲ.

"ಇದು ಸುಳ್ಳು ಸಾರ್."

"ರಿಜಿಸ್ಟರಲ್ಲಿ ಹಾಗೇ ಇದೆಯಮ್ಮ. ಎರಡು ಗಂಟೆಗೆ ದೇವೇಂದ್ರ ಚಾರ್ಜ್ ತಗೊಂಡಿದಾನೆ. ಅವನದೇ ಸಹಿ."

ಅರುಣಾ ಅಪ್ಪನ ಫೋನು ತೆರೆದು ತೋರಿಸಿದಳು. ಗಂಟೆಗೊಮ್ಮೆ ಮೀಟರಿನ ಲೆಕ್ಕವನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಕಿತ್ತು. ಮೂರು ಗಂಟೆ, ನಾಲ್ಕು ಗಂಟೆ. ಕೊನೆಯದು ನಾಲ್ಕು ಐವತ್ತೆಂಟಕ್ಕೆ: ಎರಡು ಫೀಡರ್ ಟ್ರಿಪ್, ಎಣ್ಣೆ ನೋಡಿ ಬರುತ್ತೇನೆ.

ಓಂಕಾರಮೂರ್ತಿ ಕನ್ನಡಕ ತೆಗೆದು ನಿಧಾನಕ್ಕೆ ಓದಿದರು. "ಅವರ ಫೋನಿಂದ ದೇವೇಂದ್ರ ಹಾಕಿದ ಅಂತಾರೆ. ಅಷ್ಟೇ. ಇದೆಲ್ಲ ನಿಲ್ಲೋದಿಲ್ಲಮ್ಮ, ನಾನು ನೋಡಿದೀನಿ."

*

ಹತ್ತೊಂಬತ್ತು ವರ್ಷದ ಹಿಂದೆ, ಒಂದು ಆಷಾಢದ ಮಧ್ಯಾಹ್ನ, ಲೈನ್‌ಮ್ಯಾನ್ ಖಲೀಲ್ ಸ್ಟೇಷನ್ನಿಗೆ ಬಂದು ಮೂರನೇ ಫೀಡರಿಗೆ ಲೈನ್ ಕ್ಲಿಯರ್ ತೆಗೆದುಕೊಂಡ. ಲೈನ್ ಕ್ಲಿಯರ್ ಎಂದರೆ ಒಂದು ಮಾತು: ನೀನು ಕೆಳಗಿಳಿದು ಬಂದು ಸಹಿ ಮಾಡುವ ತನಕ ನಾನು ಈ ತಂತಿಗೆ ಕರೆಂಟು ಬಿಡುವುದಿಲ್ಲ. ಆ ಮಾತನ್ನು ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಕಾರ್ಬನ್ ಪ್ರತಿ ಕಂಬ ಹತ್ತುವವನ ಜೇಬಿಗೆ.

ಗುರುವಯ್ಯ ಕರೆಂಟು ಕಡಿಯುವ ದೊಡ್ಡ ಸ್ವಿಚ್ಚು, ಬ್ರೇಕರ್ ತೆಗೆದ. ಯಾರ್ಡಿಗೆ ಹೋಗಿ ಹಿಡಿ ತಿರುಗಿಸಿ, ತಂತಿಯನ್ನು ಬೇರ್ಪಡಿಸುವ ಐಸೊಲೇಟರ್ ಬಿಚ್ಚಿದ. ಅದರ ಮೂರು ಕತ್ತಿಗಳೂ ಪೂರ್ತಿ ತೆರೆದುಕೊಂಡವೇ ಎಂದು ತಲೆ ಎತ್ತಿ ನೋಡಿದ. ಲೈನನ್ನು ನೆಲಕ್ಕೆ ಸೇರಿಸಿ ಅರ್ತ್ ಮಾಡಿ ಬೀಗ ಹಾಕಿ, 'ಜನ ಕೆಲಸ ಮಾಡುತ್ತಿದ್ದಾರೆ' ಎಂಬ ಕೆಂಪು ಹಲಗೆ ತೂಗುಹಾಕಿದ.

"ಆಯ್ತು ಖಲೀಲಣ್ಣ. ಹತ್ತು ಹೋಗು."

"ಮುಗಿಸಿ ಬಂದು ಇಲ್ಲೇ ಊಟ ಮಾಡ್ತೀನಿ. ಶಬನಂ ಮೀನು ಕೊಟ್ಟಿದಾಳೆ," ಎಂದು ಖಲೀಲ್ ತನ್ನ ಬುತ್ತಿಯನ್ನು ಬ್ಯಾಟರಿ ರೂಮಿನ ಕಿಟಕಿಯಲ್ಲಿಟ್ಟು ಹೋದ.

ಮುಕ್ಕಾಲು ಗಂಟೆಯ ಮೇಲೆ, ಆಗ ಸೆಕ್ಷನ್ ಆಫೀಸರಾಗಿದ್ದ ಓಂಕಾರಮೂರ್ತಿಯವರ ಫೋನು ಬಂತು. ಎಸ್ಟೇಟಿನ ಬಂಗಲೆಗೆ ದೊಡ್ಡವರು ಯಾರೋ ಬಂದಿದ್ದಾರೆ, ಮೇಲಿಂದ ಒತ್ತಡ, ಮೂರನೇ ಫೀಡರ್ ಚಾರ್ಜ್ ಮಾಡು, ಕರೆಂಟು ಬಿಡು.

"ಖಲೀಲ ಲೈನಲ್ಲಿದಾನೆ ಸಾರ್. ಕ್ಲಿಯರ್ ವಾಪಸ್ ಬಂದಿಲ್ಲ."

"ಕೆಲಸ ಮುಗಿದಿದೆ ಕಣಯ್ಯ. ಅವನು ಇಳಿದದ್ದನ್ನ ನೋಡಿದವರು ಹೇಳಿದಾರೆ. ನಾನು ಹೇಳ್ತಾ ಇದೀನಲ್ಲ. ಕೆಲಸ ಬೇಕಾ ಬೇಡ್ವಾ ನಿಂಗೆ?"

ಗುರುವಯ್ಯ ಫೋನಿಟ್ಟ. ಗೇಟಿನ ತನಕ ಹೋಗಿ ರಸ್ತೆ ನೋಡಿ ಬಂದ. ಆಮೇಲೆ ಹಲಗೆ ತೆಗೆದ, ಬೀಗ ತೆಗೆದ, ಅರ್ತ್ ಬಿಚ್ಚಿದ, ಐಸೊಲೇಟರ್ ಸೇರಿಸಿದ. ಒಳಗೆ ಬಂದು ಬ್ರೇಕರ್ ಹಾಕಿದ. ಅದು ಟ್ರಿಪ್ ಆಗಲಿಲ್ಲ. ಮೀಟರಿನ ಮುಳ್ಳು ಒಮ್ಮೆ ನಡುಗಿ ನೆಟ್ಟಗೆ ನಿಂತಿತು. ಅದನ್ನು ನೋಡಿ, ಸದ್ಯ, ಖಲೀಲ ಇಳಿದೇ ಇದ್ದ ಎಂದುಕೊಂಡು ಅವನು ಕುರ್ಚಿಯಲ್ಲಿ ಕೂತ.

ಖಲೀಲ್ ಕಂಬದ ಮೇಲೆ ಮೂರನೇ ತಂತಿಯ ಜೋಡಣೆಯಲ್ಲಿದ್ದ. ಕೆಳಗಿದ್ದವರು ಓಡಿ ಬಂದು ಹೇಳುವ ಹೊತ್ತಿಗೆ ಹತ್ತು ನಿಮಿಷ ಕಳೆದಿತ್ತು.

ಮಾರನೆಯ ದಿನ ಮೇಜಿನ ಮೇಲೆ ಹೊಸ ಲೈನ್ ಕ್ಲಿಯರ್ ಪುಸ್ತಕವಿತ್ತು. ಹಳೆಯದು ಎಲ್ಲಿ ಎಂದು ಗುರುವಯ್ಯ ಕೇಳಲಿಲ್ಲ. ಲೈನ್‌ಮ್ಯಾನ್ ಖಲೀಲ್ ಲೈನ್ ಕ್ಲಿಯರ್ ತೆಗೆದುಕೊಳ್ಳದೆ ಕಂಬ ಹತ್ತಿದ್ದಾನೆ ಎಂಬ ಹೇಳಿಕೆಯನ್ನು ಅವನು ಮನೆಗೆ ತಂದ; ಒಂದು ರಾತ್ರಿ ಇಟ್ಟುಕೊಂಡ; ಸಹಿ ಹಾಕಿ ಕೊಟ್ಟ. ತಪ್ಪು ಸತ್ತವನದೇ ಎಂದಾಯಿತು. ಆ ಮನೆಗೆ ಸಿಗಬೇಕಾದ ಪರಿಹಾರವಾಗಲಿ, ಅನುಕಂಪದ ಕೆಲಸವಾಗಲಿ ಸಿಗಲಿಲ್ಲ.

ಖಲೀಲನ ನಲವತ್ತು ದಿನ ಕಳೆದ ಮೇಲೆ ಅವನ ಹೆಂಡತಿ ಶಬನಂ ಗುರುವಯ್ಯನ ಮನೆಗೆ ಬಂದಳು. ಸುಟ್ಟ ಅಂಗಿಯ ಜೇಬಿನಲ್ಲಿ ಕಾರ್ಬನ್ ಪ್ರತಿ ಸಿಕ್ಕಿತ್ತು. ಅಂಚು ಕರಕಲಾಗಿದ್ದರೂ ಸಹಿ ಕಾಣುತ್ತಿತ್ತು. "ಇದು ನಿಮ್ಮ ಸಹಿ ಅಂತ ಒಂದು ಮಾತು ಹೇಳಿ ಅಣ್ಣ," ಎಂದು ಕೇಳಲು ಬಂದಿದ್ದಳು. ಗುರುವಯ್ಯ ಬಚ್ಚಲುಮನೆ ಸೇರಿ ಅಗಳಿ ಹಾಕಿಕೊಂಡ. ಹನ್ನೆರಡು ವರ್ಷದ ಅರುಣಾ ಕಿಟಕಿಯಿಂದ ನೋಡಿದ್ದಳು: ಹಸಿರು ಸೀರೆಯ ಹೆಂಗಸು ಅಂಗಳದಲ್ಲಿ ಸಂಜೆಯ ತನಕ ನಿಂತಿದ್ದು, ಏನೂ ಹೇಳದೆ ಹೋದದ್ದು. ಯಾರಮ್ಮ ಅದು ಎಂದು ಕೇಳಿದ್ದಕ್ಕೆ ದೇವೀರಮ್ಮ ಅವಳ ಬೆನ್ನಿಗೊಂದು ಕೊಟ್ಟಿದ್ದಳು.

ಅದಾದ ಮೇಲೆ ಗುರುವಯ್ಯ, ಸಹಿ ಇಲ್ಲದೆ ಒಂದು ಸಲವೂ ಲೈನ್ ಚಾರ್ಜ್ ಮಾಡಲಿಲ್ಲ. ಯಾರು ಬೈದರೂ, ಯಾರು ಹೆದರಿಸಿದರೂ. ಕಾಯಂ ಮಾಡುವ ಪಟ್ಟಿಯಿಂದ ಅವನ ಹೆಸರು ಎರಡು ಸಲ ಬಿದ್ದುಹೋಯಿತು. ಮಾತು ಕೇಳದ ಮನುಷ್ಯ ಎಂದು ಮೇಲಿನವರು ಬರೆದಿದ್ದರಂತೆ. ಅವನು ಮೀನು ತಿನ್ನುವುದನ್ನೂ ಬಿಟ್ಟ. ಯಾಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

*

ಹೆಣ ಎತ್ತಲು ಅರ್ಧ ಗಂಟೆ ಇರುವಾಗ ಶಬನಂ ಬಂದಳು. ಬಣಕಲ್ಲಿನಲ್ಲಿ ಬಟ್ಟೆ ಹೊಲಿದು ಮೂರು ಮಕ್ಕಳನ್ನು ದಡ ಸೇರಿಸಿದ ಹೆಂಗಸು. ಈಗ ತಲೆ ನರೆತಿತ್ತು, ಕನ್ನಡಕ ಬಂದಿತ್ತು. ಮೊದಲು ಅರುಣಾಗೆ ಗುರುತು ಸಿಗಲಿಲ್ಲ. ಅಂಗಳದಲ್ಲಿದ್ದ ಹಳೆಯ ಲೈನ್‌ಮ್ಯಾನುಗಳು ಎದ್ದು ದಾರಿ ಬಿಟ್ಟದ್ದನ್ನು ನೋಡಿ ಗೊತ್ತಾಯಿತು. ಓಂಕಾರಮೂರ್ತಿಯವರು ಕೊಡೆ ಬಿಡಿಸಿಕೊಂಡು ಹಿತ್ತಿಲ ಕಡೆ ನಡೆದರು.

ಶಬನಂ ಗುರುವಯ್ಯನ ತಲೆಯ ಹತ್ತಿರ ಹೋಗಿ ನಿಂತಳು. ಬಹಳ ಹೊತ್ತು ನೋಡಿದಳು.

"ಮುಖ ನೋಡ್ಬೇಕು ಅನ್ನಿಸ್ತು, ಬಂದೆ," ಅಂದಳು ದೇವೀರಮ್ಮನಿಗೆ. "ಅವತ್ತು ತೋರಿಸಿರ್ಲಿಲ್ಲ."

ದೇವೀರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಶಬನಂಳ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಮಣೆ ಹಾಕಿ ಕೂರಿಸಿದಳು. ಒಲೆಯ ಪಕ್ಕದ ಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಯ ಕೆಳಗೆ ಆ ಕಾಗದವಿತ್ತು.

ಅರುಣಾ ಹಿಂದೆಯೇ ಬಂದಳು. "ಅಮ್ಮ, ನಾನು ಓದಿ ಹೇಳಿದೆ ಅಲ್ವ. ಸಹಿ ಹಾಕ್ಬೇಡ. ಫೋನಲ್ಲಿ ಎಲ್ಲ ಇದೆ. ದೇವೇಂದ್ರ ಒಂದು ಮಾತು ಹೇಳಿದ್ರೆ ಸಾಕು."

ಬಾಗಿಲಲ್ಲಿ ದೇವೇಂದ್ರ ನಿಂತಿದ್ದ. ಮೈಯೆಲ್ಲ ಬಿದಿರಿನ ಸಿಬಿರು, ಕೈಯಲ್ಲಿ ಕತ್ತಿ ಹಾಗೇ ಇತ್ತು.

"ಹೇಳೋಕಾಗಲ್ಲ ಅರುಣಕ್ಕ."

"ಯಾಕಾಗಲ್ಲ? ಎರಡು ಗಂಟೆಗೆ ನೀನು ಎಲ್ಲಿದ್ದೆ?"

"ಚಿಕ್ಕಮಗಳೂರಲ್ಲಿ. ಧನ್ಯಶ್ರೀಗೆ ಏಳು ತಿಂಗಳು. ಕಾಲು ಊದಿಕೊಂಡಿತ್ತು, ಸ್ಕ್ಯಾನಿಗೆ ಬರೋಕೆ ಹೇಳಿದ್ರು. ಮಾವಾರೇ ಹೋಗಿ ಬಾ, ನಾನು ನೋಡ್ಕೋತೀನಿ ಅಂದ್ರು. ಬೆಳಿಗ್ಗೆ ಆರರಿಂದ ಕೂತಿದ್ರು, ಮತ್ತೆ ನನ್ನ ಪಾಳಿಗೂ ಕೂತ್ರು." ಅವನು ಗೋಡೆ ಹಿಡಿದುಕೊಂಡ. "ಸ್ಟೇಷನ್ ಬಿಟ್ಟು ಹೋಗಿದ್ದೆ ಅಂತ ಗೊತ್ತಾದ್ರೆ ಇವತ್ತೇ ತೆಗೀತಾರೆ. ಕೇಸೂ ಹಾಕ್ತಾರಂತೆ. ಮಾವಾರನ್ನ ಆಸ್ಪತ್ರೆಯಿಂದ ತಂದ ಕೂಡ್ಲೇ ಏಜೆನ್ಸಿಯವ್ರು ರಿಜಿಸ್ಟರ್ ಮುಂದಿಟ್ರು. ಬರಿ ಅಂದ್ರು. ಬರೆದೆ. ಮಾವಾರ ಅಕ್ಷರದ ಹಾಳೆ ತೆಗೆದು ಬೇರೆ ಹಾಳೇಲಿ ನಾನೇ ಬರೆದೆ."

"ಆ ಹಾಳೆ ಎಲ್ಲಿ?"

ದೇವೇಂದ್ರ ಕತ್ತಿಯನ್ನು ಬಾಗಿಲ ಮೂಲೆಗೆ ಒರಗಿಸಿದ.

"ಕೊಟ್ಟುಬಿಟ್ಟೆಯಾ?" ಎಂದು ಕೇಳಿದ್ದು ಶಬನಂ. "ನಾನೂ ಕೊಟ್ಟೆ. ಆಫೀಸಲ್ಲಿ ಪರಿಶೀಲನೆಗೆ ಅಂತ ಇಸ್ಕೊಂಡ್ರು. ಕಾರ್ಬನ್ ಕಾಗದ. ಎರಡು ವರ್ಷ ತಿರುಗಿದೆ, ಅಂಥಾ ಕಾಗದ ಬಂದೇ ಇಲ್ಲ ಅಂದ್ರು."

ಹೊರಗೆ ಯಾರೋ ಹೊತ್ತಾಯಿತೆಂದು ಕೂಗಿದರು.

"ಪೆನ್ನು ಕೊಡು," ಅಂದಳು ದೇವೀರಮ್ಮ.

"ಅಮ್ಮ!"

"ಕೊಡು ಅಂದೆ."

"ಅಪ್ಪ ಕೆಲಸ ಮಾಡ್ತಾ ಸತ್ತದ್ದು. ಕೂತು ಹರಟೆ ಹೊಡೀತಾ ಅಲ್ಲ. ಅಷ್ಟೊಂದು ವರ್ಷ ಮಾಡಿದ್ದಕ್ಕೆ ಅದೊಂದು ಮಾತಾದ್ರೂ ಬೇಡ್ವ ಅವ್ರಿಗೆ?"

ದೇವೀರಮ್ಮ ಮಗಳನ್ನು ನೋಡಲಿಲ್ಲ. ಶಬನಂಳನ್ನು ನೋಡಿ ಹೇಳಿದಳು. "ಆ ಹೇಳಿಕೆ ಒಂದು ರಾತ್ರಿ ಈ ಮನೇಲಿತ್ತು. ಅವ್ರು ಹಾಕಲ್ಲ ಅಂತ ಕೂತಿದ್ರು. ಜೈಲಿಗೆ ಹೋದ್ರೂ ಸರಿ, ಹಾಕಲ್ಲ ಅಂತ. ನಾನೇ ಹಾಕ್ಸಿದ್ದು. ಖಲೀಲಣ್ಣ ಹೋಗಿ ಆಯ್ತು, ಎದ್ದು ಬರಲ್ಲ, ನೀವು ಒಳಗೆ ಹೋದ್ರೆ ನಾನು ಈ ಹೆಣ್ಣುಕೂಸು ಕಟ್ಕೊಂಡು ಯಾವ ಬಾವಿಗೆ ಬೀಳ್ಲಿ ಅಂದೆ. ಅವ್ರ ಕೈಗೆ ಪೆನ್ನು ಕೊಟ್ಟೋಳು ನಾನು."

ಶಬನಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ನಂಗೆ ಅದು ಗೊತ್ತಿರ್ಲಿಲ್ಲ ಅಕ್ಕ."

"ಈಗ ಈ ಹುಡುಗನ ಹೆಂಡ್ತಿ ಏಳು ತಿಂಗಳ ಬಸುರಿ. ಇವನನ್ನ ಬೀದಿಗೆ ತಳ್ಳಿ ನಾನು ನ್ಯಾಯ ಕೇಳ್ಲಾ? ಯಾವ ಬಾಯಲ್ಲಿ ಕೇಳ್ಲಿ? ನಿನಗೆ ಸಿಗದಿದ್ದದ್ದು ನಂಗೆ ಯಾಕೆ ಸಿಗ್ಬೇಕು?"

"ನೀವು ಸಹಿ ಹಾಕಿದ್ರೂ ನಂಗೆ ಏನೂ ವಾಪಸ್ ಬರಲ್ಲ. ಹಾಕದಿದ್ರೂ ಬರಲ್ಲ." ಶಬನಂ ಕನ್ನಡಕ ಹಾಕಿಕೊಂಡಳು. "ಆದ್ರೂ ಹಾಕ್ಬೇಡಿ ಅಕ್ಕ. ಇನ್ನೊಂದು ಸಲ ಹಾಕ್ಬೇಡಿ."

ಅರುಣಾ ಅಮ್ಮನ ಮುಂದಿನ ಕಾಗದದ ಮೇಲೆ ಅಂಗೈ ಇಟ್ಟಳು. ದೇವೀರಮ್ಮ ಆ ಕೈಯನ್ನು ಬೆರಳು ಬೆರಳಾಗಿ ಎತ್ತಿ ಪಕ್ಕಕ್ಕೆ ಸರಿಸಿದಳು. ಸಿಟ್ಟಿರಲಿಲ್ಲ, ಮಲಗಿದ ಮಗುವಿನ ಕೈ ಸರಿಸುವ ಹಾಗಿತ್ತು. ದೇವೇಂದ್ರನ ಜೇಬಿನಿಂದ ಪೆನ್ನು ತಾನೇ ತೆಗೆದುಕೊಂಡಳು. ನಾಲ್ಕನೇ ತರಗತಿಯ ತನಕ ಓದಿದವಳು. ತನ್ನ ಹೆಸರಿನ ಒಂದೊಂದು ಅಕ್ಷರಕ್ಕೂ ನಿಂತು, ಒತ್ತಿನ ಮಕಾರಕ್ಕೆ ಜಾಗ ಸಾಲದೆ ಅಂಚಿನಲ್ಲಿ ಬರೆದು, ಕಾಗದವನ್ನು ಮಡಿಸಿದಳು.

"ತಗೊಂಡು ಹೋಗಿ ಅವರಿಗೆ ಕೊಡು. ಕೊಟ್ಟು ಬಂದು ಮಡಕೆ ಹಿಡ್ಕೊ."

ದೇವೇಂದ್ರ ಅವಳ ಕಾಲಿಗೆ ಬೀಳಲು ಬಗ್ಗಿದ. "ಬೇಡ," ಅಂದಳು ದೇವೀರಮ್ಮ. "ಸ್ನಾನ ಆಗಿಲ್ಲ ನಿಂದು. ನಡಿ."

ಹೆಣ ಎತ್ತಿದರು. ಹೊಗೆಯಾಡುವ ಮಡಕೆ ಹಿಡಿದು ದೇವೇಂದ್ರ ಮುಂದೆ ನಡೆದ. ಅವನ ಹಿಂದೆ ಚೌಡಯ್ಯ, ಹಳೆಯ ಲೈನ್‌ಮ್ಯಾನುಗಳು, ಸ್ವರ ಮಾತ್ರ ಗೊತ್ತಿದ್ದ ಜನ. ಓಂಕಾರಮೂರ್ತಿಯವರೂ ಚಪ್ಪಲಿ ಕಳಚಿ ಕಾಲೊನಿಯ ತಿರುವಿನ ತನಕ ಹೆಗಲು ಕೊಟ್ಟರು. ಅವರ ಅಂಗಿಯ ಜೇಬಿನಲ್ಲಿ ಮಡಿಸಿದ ಕಾಗದದ ತುದಿ ಕಾಣುತ್ತಿತ್ತು. ಹಳ್ಳದ ಪಕ್ಕದ ಸ್ಮಶಾನದಲ್ಲಿ ಸೌದೆ ಹಸಿಯಾಗಿತ್ತು. ಎರಡು ಸಲ ಆರಿ, ಮೂರನೇ ಸಲ ಹತ್ತಿಕೊಂಡಿತೆಂದು ಆಮೇಲೆ ಬಂದವರು ಹೇಳಿದರು. ಬೆಂಕಿ ಹತ್ತಿದ ಕೂಡಲೇ ದೇವೇಂದ್ರ ಸ್ಟೇಷನ್ನಿಗೆ ಹೋದನಂತೆ. ಎರಡು ಗಂಟೆಯ ಪಾಳಿ ಅವನದೇ, ಬದಲಿ ಜನ ಇರಲಿಲ್ಲ.

*

ಮಧ್ಯಾಹ್ನ ಮೂರರ ಹೊತ್ತಿಗೆ ಶಬನಂ ಹೊರಟಳು. ಬಸ್ಸಿನ ತನಕ ಬರುತ್ತೇನೆಂದು ಅರುಣಾ ಜೊತೆಗೆ ಬಂದಳು. ಇಬ್ಬರ ನಡುವೆ ಒಂದೇ ಕೊಡೆ. ಎಸ್ಟೇಟಿನ ಬೇಲಿಯ ಗುಂಟ ಇಳಿದು ತಿರುವು ದಾಟಿದಾಗ ಶಬನಂ ತಟ್ಟನೆ ನಿಂತು ಅರುಣಾಳ ಮಣಿಕಟ್ಟು ಹಿಡಿದಳು.

ಗಾಳಿಗೆ ಮುರಿದ ಸಿಲ್ವರ್ ಓಕಿನ ಕೊಂಬೆ ತಂತಿಯನ್ನು ಎಳೆದುಕೊಂಡು ಬಿದ್ದಿತ್ತು. ತಂತಿ ರಸ್ತೆಗೆ ಅಡ್ಡಲಾಗಿ ನೀರಿನಲ್ಲಿ ಮಲಗಿತ್ತು.

"ಬರುವಾಗ ಇರ್ಲಿಲ್ಲ," ಅಂದಳು ಶಬನಂ.

ಆ ಕಡೆಯಿಂದ ತೋಟದ ಕೆಲಸದ ಇಬ್ಬರು ಹೆಂಗಸರು ಸೀರೆ ಎತ್ತಿಕೊಂಡು ತಂತಿಯನ್ನು ದಾಟಿ ಬಂದರು. ಒಬ್ಬ ಬೈಕಿನವನು ಕಾಲೂರಿ ಕೈ ಬೀಸಿದ.

"ಬನ್ನಿ ಅಕ್ಕ, ಎಂತ ಆಗಲ್ಲ. ಲೈನ್ ಆಫ್ ಇದೆ. ಸ್ಟೇಷನ್ನಿಗೆ ಫೋನ್ ಮಾಡಿ ಕೇಳಿದೀನಿ."

"ಯಾರಿದ್ರು ಫೋನಲ್ಲಿ?" ಎಂದು ಅರುಣಾ ಕೂಗಿ ಕೇಳಿದಳು.

"ದೇವೇಂದ್ರ ಅಂತೆ. ಆಫ್ ಮಾಡಿದೀನಿ, ದಾಟಿ ಅಂದ."

ಅವನು ಬೈಕನ್ನು ತಂತಿಯ ಮೇಲೆ ಹಾಯಿಸಿಕೊಂಡು ಇವರ ಪಕ್ಕದಲ್ಲೇ ಹಾದುಹೋದ. ತಂತಿ ಒಮ್ಮೆ ಅಲುಗಿ ಸುಮ್ಮನಾಯಿತು. ಇಳಿಜಾರಿನ ಕೆಳಗೆ ಬಣಕಲ್ಲಿನ ಬಸ್ಸು ಬಂದು ನಿಂತಿತು. ಡ್ರೈವರು ಇವರನ್ನು ಕಂಡು ಎರಡು ಸಲ ಹಾರ್ನ್ ಹೊಡೆದ. ಕಂಡಕ್ಟರು ಬಾಗಿಲಲ್ಲಿ ನಿಂತು ಬೇಗ ಬನ್ನಿ ಎಂದು ಕೈ ಮಾಡಿದ. ಮಳೆಯ ಹನಿಗಳು ತಂತಿಯ ಮೇಲೆ ಬಿದ್ದು ಸಿಡಿಯುತ್ತಿದ್ದವು. ಒಂದು ಕೊಡೆಯ ಕೆಳಗೆ ಇಬ್ಬರು ಹೆಂಗಸರು ಒಬ್ಬರ ಕೈ ಒಬ್ಬರು ಬಿಡದೆ, ಅದನ್ನೇ ನೋಡುತ್ತ, ಈಚೆಯ ದಡದಲ್ಲಿ ನಿಂತೇ ಇದ್ದರು. ಸ್ವಲ್ಪ ಹೊತ್ತು ಕಾದು ಬಸ್ಸು ಹೊರಟುಹೋಯಿತು.